ಆಸ್ಪತ್ರೆಗೆ ಬಾರದ ರೋಗಿಯನ್ನು ಹುಡುಕುವುದು ಹೇಗೆ? ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಯ ಟಿಪ್ಪಣಿ

ಕಾಗದದ ಫೈಲ್ ಹೋಗಿ ಕಂಪ್ಯೂಟರ್ ಬಂದರೆ ಚಿಕಿತ್ಸೆ ಹೇಗೆ ಸುಧಾರಿಸುತ್ತದೆ? ನನಗೆ ಇದು ಬೇಗ ತಲೆಗೆ ಹತ್ತಲಿಲ್ಲ. ಕಾಗದದ ಫೈಲ್ ತೆರೆಯುವುದು ರೋಗಿ ಬಂದಾಗ ಮಾತ್ರ. ಬಾರದವರ ಫೈಲ್ ಕಪಾಟಿನಲ್ಲೇ ಉಳಿಯುತ್ತದೆ. ಎಲೆಕ್ಟ್ರಾನಿಕ್ ದಾಖಲೆಯಲ್ಲಿ ಅವರನ್ನೂ ಹುಡುಕಿ ಪಟ್ಟಿ ಮಾಡಬಹುದು.

ಸಕ್ಕರೆ ಕಾಯಿಲೆಯನ್ನೇ ನೋಡೋಣ. ಎಚ್‌ಬಿಎ1ಸಿ ಅಂದರೆ ಸುಮಾರು 2-3 ತಿಂಗಳ ಸಕ್ಕರೆ ಮಟ್ಟ ತಿಳಿಸುವ ರಕ್ತಪರೀಕ್ಷೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಬಳಸುವ ಒಂದು ಅಳತೆಯಲ್ಲಿ ಇದು 9% ದಾಟಿದರೆ ಹತೋಟಿ ತಪ್ಪಿದೆ ಎಂದು ಲೆಕ್ಕ. ಸ್ವಾರಸ್ಯ ಏನೆಂದರೆ, ಆ ವರ್ಷ ಪರೀಕ್ಷೆಯನ್ನೇ ಮಾಡಿಸದವರೂ ಇದೇ ಗುಂಪಿಗೆ ಸೇರುತ್ತಾರೆ. ಪರೀಕ್ಷೆ ಆಗಿಲ್ಲ ಅಂದರೆ ಚೆನ್ನಾಗಿದ್ದಾರೆ ಅಂದುಕೊಳ್ಳೋಕಾಗಲ್ಲ, ಅಲ್ವಾ?

ಸುಮ್ನೆ ಒಂದು ಲೆಕ್ಕ ಹಾಕಿ. 200 ರೋಗಿಗಳಿದ್ದಾರೆ ಅನ್ನಿ. 120 ಮಂದಿಗೆ ಪರೀಕ್ಷೆ ಆಗಿದೆ, ಅವರಲ್ಲಿ 30 ಮಂದಿ 9% ದಾಟಿದ್ದಾರೆ. ಪರೀಕ್ಷೆ ಆದವರನ್ನಷ್ಟೇ ಹಿಡಿದರೆ 25%. ಉಳಿದ 80 ಮಂದಿಯನ್ನೂ ಸೇರಿಸಿದರೆ 200ಕ್ಕೆ 110, ಅಂದರೆ 55%. ಆಸ್ಪತ್ರೆ ಅದೇ, ರೋಗಿಗಳೂ ಅವರೇ!

ಈ ಲೆಕ್ಕ ಸರಿ ಬರಬೇಕಾದರೆ ಮಾಹಿತಿ ಅದರದೇ ಜಾಗದಲ್ಲಿ ತುಂಬಿರಬೇಕು. ‘ಶುಗರ್ ಜಾಸ್ತಿ ಇದೆ’ ಎಂದು ಟೈಪ್ ಮಾಡಿಟ್ಟರೆ ಡಾಕ್ಟರಿಗೆ ಅರ್ಥವಾಗುತ್ತದೆ, ಎಣಿಸುವ ಪ್ರೋಗ್ರಾಂಗೆ ಸಿಗುವುದು ಕಷ್ಟ. ಅದಕ್ಕೇ ಲ್ಯಾಬ್ ಪರೀಕ್ಷೆಗಳಿಗೆ ಲಾಯಿಂಕ್ (LOINC), ಕಾಯಿಲೆಗಳಿಗೆ ಸ್ನೋಮೆಡ್ ಸಿಟಿ (SNOMED CT) ಎಂಬಂಥ, ಕಂಪ್ಯೂಟರ್ ಗುರುತಿಸಬಲ್ಲ ಕೋಡ್‌ಗಳಿವೆ. ಹೊರಗಿನ ಲ್ಯಾಬ್‌ನ ವರದಿಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಸೇರಿಸಿಬಿಟ್ಟರೆ, ಲೆಕ್ಕದಲ್ಲಿ ಪರೀಕ್ಷೆ ಆಗಿಯೇ ಇಲ್ಲ! ಹಾಗಾಗಿ ಅಂಕಿ ಕೆಟ್ಟದಾಗಿ ಬಂದರೆ, ಎಡವಿದ್ದು ಚಿಕಿತ್ಸೆಯೋ ದಾಖಲೆಯೋ ಎಂದು ಮೊದಲು ನೋಡಬೇಕು.

ಕಾಲೇಜು ಪರೀಕ್ಷೆಗೆ ಓದುವವರು, ಚಿಕಿತ್ಸೆಯ ಗುಣಮಟ್ಟವನ್ನು ಮೂರು ಭಾಗ ಮಾಡಿ ನೋಡುವ 1966ರ ಡೊನಾಬೆಡಿಯನ್ ಮಾದರಿಯನ್ನು ಇದಕ್ಕೇ ಜೋಡಿಸಿಕೊಳ್ಳಿ. ಸಾಫ್ಟ್‌ವೇರ್ ಇರುವುದು ರಚನೆ, ರಕ್ತಪರೀಕ್ಷೆ ಮಾಡಿಸುವುದು ಪ್ರಕ್ರಿಯೆ, ಕಣ್ಣು ಕಾಲು ಉಳಿಯುವುದು ಫಲಿತಾಂಶ.

ಇದೇ ಸಾಫ್ಟ್‌ವೇರ್ ಡಾಕ್ಟರಿಗೆ ತೋರಿಸುವ ಎಚ್ಚರಿಕೆ ಸಂದೇಶಗಳದ್ದು ಬೇರೆ ಗೋಳು. ಅಲರ್ಜಿ ಇರುವ ಔಷಧ ಬರೆದಾಗ ತಡೆದರೆ ಜೀವ ಉಳಿಯಬಹುದು. ಆದರೆ ಸಣ್ಣಪುಟ್ಟದಕ್ಕೆಲ್ಲ ಪರದೆ ತುಂಬಿದರೆ ಓದದೇ ಮುಚ್ಚುವುದು ಅಭ್ಯಾಸವಾಗುತ್ತದೆ. ಅಪಾಯ ದೊಡ್ಡದಿದ್ದಾಗ ಮಾತ್ರ ಕೆಲಸ ನಿಲ್ಲಿಸುವ ಸಂದೇಶ ಇರಲಿ ಎಂಬುದು ನನ್ನ ಅಭಿಪ್ರಾಯ.

ಪಟ್ಟಿ ಬಂದ ಮೇಲೆ ಆ 80 ಮಂದಿಗೆ ಯಾರಾದರೂ ಫೋನ್ ಮಾಡಲೇಬೇಕು. ಮುಂದಿನ ಸಲ ಪಟ್ಟಿ ತೆಗೆದಾಗ ಶೇಕಡಾವಾರು ನೋಡುವ ಮೊದಲು ಒಟ್ಟು ಸಂಖ್ಯೆ ನೋಡಿ. 200 ಇದ್ದದ್ದು 150 ಆಗಿದ್ದರೆ, ಉಳಿದ 50 ಮಂದಿ ಎಲ್ಲಿ ಹೋದರು ಎಂದು ಕೇಳಿ.