ಸೊಂಟದ ಮೂಳೆ ಮುರಿತದ ನಂತರ ಹಿರಿಯರ ಬದುಕಿನ ಗುಣಮಟ್ಟ: ಸರಾಸರಿಯಲ್ಲಿ ನಾನು ಎಡವಿದ ಬಗೆ

ಶಸ್ತ್ರಚಿಕಿತ್ಸೆಯ ವಿವರ ಇಲ್ಲಿ ಬೇಕಿಲ್ಲ. ತೊಡೆಮೂಳೆಯ ಕತ್ತು ಮುರಿದು ಜರುಗಿದ್ದರೆ ಹಿರಿಯರಿಗೆ ಸಾಮಾನ್ಯವಾಗಿ ಕೃತಕ ಗುಂಡನ್ನು ಕೂರಿಸುತ್ತಾರೆ, ಅದಕ್ಕಿಂತ ಕೆಳಗೆ ಮುರಿದಿದ್ದರೆ ರಾಡ್ ಅಥವಾ ಸ್ಕ್ರೂ ಹಾಕುತ್ತಾರೆ ಎಂಬಷ್ಟು ನೆನಪಿದ್ದರೆ ಸಾಕು.

ಕೀಲಿನ ಅಳತೆಯೇ ಬೇರೆ, ಬದುಕಿನ ಅಳತೆಯೇ ಬೇರೆ. 1969ರಲ್ಲಿ ಬಂದ ಹ್ಯಾರಿಸ್ ಹಿಪ್ ಸ್ಕೋರ್ ಕೀಲನ್ನು ಅಳೆಯುತ್ತದೆ. ಅದರ 100 ಅಂಕಗಳಲ್ಲಿ ನೋವಿಗೆ 44, ಕಾರ್ಯಕ್ಕೆ 47, ಚಲನೆಗೆ 5, ಊನವಿಲ್ಲದಿರುವುದಕ್ಕೆ 4. ಕುರ್ಚಿಯಲ್ಲಿ ಒಂದು ಗಂಟೆ ಕೂರಬಲ್ಲಿರಾ, ಶೂ ಮತ್ತು ಕಾಲುಚೀಲ ಹಾಕಿಕೊಳ್ಳಬಲ್ಲಿರಾ ಎಂದು ಅದು ಕೇಳುತ್ತದೆಯೇ ಹೊರತು ನೆಲದ ಮೇಲೆ ಕೂರುವ ಬಗ್ಗೆ ಕೇಳುವುದಿಲ್ಲ. ಜನ್ಮದಲ್ಲಿ ಕಾಲುಚೀಲ ಹಾಕದ, ಅಂಗಳದಲ್ಲಿ ಕುಳಿತು ಮೆಕ್ಕೆಜೋಳ ಬಿಡಿಸುತ್ತಿದ್ದ ಜಗಳೂರು ಕಡೆಯ ಅಜ್ಜಿಯೊಬ್ಬರಿಗೆ ಇದರಲ್ಲಿ ಒಳ್ಳೆಯ ಅಂಕ ಬಂದರೂ ಅವರ ದಿನಚರಿ ಮರಳಿದೆ ಎನ್ನಲಾಗದು.

ಇಕ್ಯೂ-5ಡಿ ಎಂಬ ಪ್ರಶ್ನಾವಳಿ ಓಡಾಟ, ಸ್ವಂತ ಆರೈಕೆ, ನಿತ್ಯದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ ಎಂಬ ಐದನ್ನು ಕೇಳುತ್ತದೆ. ಐದು ಹಂತಗಳ ಆವೃತ್ತಿಯಲ್ಲಿ ಪ್ರತಿಯೊಂದಕ್ಕೂ 1ರಿಂದ (ತೊಂದರೆಯಿಲ್ಲ) 5ರವರೆಗೆ (ತೀರಾ ತೊಂದರೆ) ಒಂದು ಅಂಕಿ, ಹಾಗಾಗಿ 3,125 ಸ್ಥಿತಿಗಳು ಸಾಧ್ಯ. ಬರುವ ಅಂಕಿಗಳನ್ನು, ಉದಾಹರಣೆಗೆ 32431 ಎಂಬುದನ್ನು, ಕೂಡಬಾರದು. ಆಯಾ ದೇಶದ ಜನರ ಅಭಿಪ್ರಾಯದಿಂದ ರೂಪಿಸಿದ ಪಟ್ಟಿಯಿಂದ ಅದರ ಮೌಲ್ಯವನ್ನು ಪಡೆಯಬೇಕು. ಭಾರತದ ಪಟ್ಟಿ 2022ರಲ್ಲಿ ಪ್ರಕಟವಾಯಿತು. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0. ತೀರಾ ಕೆಟ್ಟ ಸ್ಥಿತಿಗಳು ಸೊನ್ನೆಗಿಂತಲೂ ಕೆಳಗಿಳಿಯುತ್ತವೆ.

ಸಾವಿಗೆ ಸೊನ್ನೆ ಏಕೆ ಎಂಬುದನ್ನು ನಾನು ಗಮನಿಸದೆ ದಾಟಿಹೋಗಿದ್ದೆ. ದಾವಣಗೆರೆಯ ನಮ್ಮ ತರಗತಿಯಲ್ಲಿ ಕೊಟ್ಟ ಕಾಲ್ಪನಿಕ ಲೆಕ್ಕ ಹೀಗಿತ್ತು: ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಿಗೆ ನಾಲ್ವರ ಮೌಲ್ಯಗಳು 0.6, 0.5, 0.4 ಮತ್ತು 0.1, ಅಂದರೆ ಸರಾಸರಿ 0.4. ವರ್ಷದ ಕೊನೆಗೆ ಮೂರು ಮೌಲ್ಯಗಳು ಮಾತ್ರ ಇದ್ದವು: 0.6, 0.5, 0.4. ಸರಾಸರಿ 0.5 ಆಯಿತೆಂದು ಕಂಡು, ಗುಣಮಟ್ಟ ಸುಧಾರಿಸಿದೆ ಎಂದು ಬರೆದೆ. ಮೇಡಂ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದು ಒಂದೇ: “ನಾಲ್ಕನೆಯವರು ಎಲ್ಲಿ?”

ನಾಲ್ಕನೆಯವರು ತೀರಿಕೊಂಡಿದ್ದರು, ಮತ್ತು ಉಳಿದ ಮೂವರಲ್ಲಿ ಯಾರೂ ಎಳ್ಳಷ್ಟೂ ಸುಧಾರಿಸಿರಲಿಲ್ಲ. ಎಲ್ಲರಿಗಿಂತ ಕೆಳಗಿದ್ದವರು ಪಟ್ಟಿಯಿಂದ ಕಳಚಿಕೊಂಡದ್ದರಿಂದಲೇ ಸರಾಸರಿ ಏರಿತ್ತು. ಅವರನ್ನು ಸೊನ್ನೆಯೆಂದು ಸೇರಿಸಿ ನಾಲ್ಕರಿಂದ ಭಾಗಿಸಿದರೆ 0.375 ಬರುತ್ತದೆ, ಅಂದರೆ ಇಳಿಕೆ. ಉಳಿದ ಮೂವರನ್ನೇ ಎರಡೂ ಸಲ ನೋಡಿದರೆ ಆಗಲೂ 0.5, ಈಗಲೂ 0.5. ಈ ಮುರಿತದ ನಂತರದ ಒಂದು ವರ್ಷದಲ್ಲಿ ಸುಮಾರು ಶೇ 20ರಿಂದ 30ರಷ್ಟು ಹಿರಿಯರು ತೀರಿಕೊಳ್ಳುವುದರಿಂದ ಇದು ಬರಿಯ ಪರೀಕ್ಷೆಯ ಚಮತ್ಕಾರವಲ್ಲ. ಸೊನ್ನೆ ಸೇರಿಸಿದ ಸರಾಸರಿಯೊಂದನ್ನೇ ಕೊಟ್ಟರೂ ಸಾವು ಮತ್ತು ನರಳಾಟ ಒಂದರಲ್ಲೊಂದು ಕಲಸಿಹೋಗುತ್ತವೆ. ಆದ್ದರಿಂದ ಸಾವಿನ ಸಂಖ್ಯೆಯನ್ನು ಬೇರೆಯಾಗಿ ಬರೆದು, ಸೊನ್ನೆ ಸೇರಿಸಿದ ಸರಾಸರಿ, ಬದುಕುಳಿದವರ ಸರಾಸರಿ ಎರಡನ್ನೂ ಅಕ್ಕಪಕ್ಕ ಇಡುವುದು ನನಗೆ ಸರಿಯೆನಿಸುತ್ತದೆ.

ಇನ್ನೊಂದು ಸಣ್ಣ ತೊಡಕು: ಬೀಳುವ ಮೊದಲು ಹೇಗಿದ್ದಿರಿ ಎಂದು ಕೇಳುವುದು ಬಿದ್ದ ಮೇಲೆಯೇ. ನೋವಿನಲ್ಲಿ ಮಲಗಿದವರಿಗೆ ಹಿಂದಿನ ದಿನಗಳು ಇದ್ದುದಕ್ಕಿಂತ ಚೆನ್ನಾಗಿ ಕಾಣಬಹುದು. ಆಗ ನಂತರದ ಇಳಿಕೆಯೂ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾನಂತೂ ಈಗ ಸರಾಸರಿಯ ಯಾವ ರೇಖಾನಕ್ಷೆ ಸಿಕ್ಕಿದರೂ ಗೆರೆಗಿಂತ ಮೊದಲು ಪ್ರತಿ ಬಿಂದುವಿನ ಕೆಳಗೆ ಎಷ್ಟು ಜನರಿದ್ದಾರೆ ಎಂದು ಎಣಿಸುತ್ತೇನೆ.