ಒಂದು ಬಾಟಲಿ, ಎರಡು ಕೇಸು

ಅಬಕಾರಿ ಕೇಸು ನಡೆಸುವ ನನ್ನಂಥ ವಕೀಲರಿಗೆ ಅರಗಿನ ಮುದ್ರೆ ಒತ್ತಿದ ಬಾಟಲಿ ದಿನನಿತ್ಯದ ನೋಟ. ಕತ್ತಿಗೆ ದಾರ, ದಾರದ ತುದಿಗೆ ಚೀಟಿ, ಚೀಟಿಯ ಮೇಲೆ ಪಂಚರ ಸಹಿ. ಹಿಡಿದವರು ಯಾರು, ಯಾವ ಕಾಯ್ದೆಯಡಿ ಹಿಡಿದರು ಎಂಬಲ್ಲಿಂದಲೇ ನಮ್ಮ ಪಾಟೀಸವಾಲು ಶುರು. ನ್ಯೂಯಾರ್ಕ್ ರಾಜ್ಯದ 1922ರ ಚುನಾವಣೆ ನನ್ನನ್ನು ಸೆಳೆದದ್ದೂ ಇದೇ ಪ್ರಶ್ನೆಯಿಂದ.

ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದದ್ದು 1920ರ ಜನವರಿಯಲ್ಲಿ. ಅಲ್ಲಿನ ಸಂವಿಧಾನದ 18ನೇ ತಿದ್ದುಪಡಿ ಅದನ್ನು ಜಾರಿ ಮಾಡುವ ಅಧಿಕಾರವನ್ನು ಕಾಂಗ್ರೆಸ್ಸಿಗೂ (ಅಲ್ಲಿನ ಸಂಸತ್ತಿಗೂ) ರಾಜ್ಯಗಳಿಗೂ ಕೊಟ್ಟಿತ್ತು. ಅದನ್ನು ಜಾರಿ ಮಾಡಲು ಕೇಂದ್ರ ಮಾಡಿದ್ದು ವೋಲ್‌ಸ್ಟೆಡ್ ಕಾಯ್ದೆ. ನ್ಯೂಯಾರ್ಕ್ 1921ರಲ್ಲಿ ತನ್ನದೇ ಮಲ್ಲನ್-ಗೇಜ್ ಕಾಯ್ದೆ ಮಾಡಿತು. ಬೀಟ್ ಪೊಲೀಸರೂ ಬಾಟಲಿ ಹುಡುಕುತ್ತಾ ಅಲೆಯಬೇಕಾಯಿತು. ರಾಜ್ಯದ ಕೋರ್ಟುಗಳಲ್ಲಿ ಕೇಸುಗಳು ರಾಶಿ ಬಿದ್ದವು. ಶಿಕ್ಷೆಗೆ ಜ್ಯೂರಿಗಳೇ ಮನಸ್ಸು ಮಾಡುತ್ತಿರಲಿಲ್ಲ.

1922ರ ನವೆಂಬರ್‌ನಲ್ಲಿ ಡೆಮಾಕ್ರಾಟಿಕ್ ಪಕ್ಷದ ಆಲ್ ಸ್ಮಿತ್ ಭಾರಿ ಅಂತರದಿಂದ ಗವರ್ನರ್ ಆಗಿ ಗೆದ್ದರು. ಆದರೆ ಮಲ್ಲನ್-ಗೇಜ್ ಕಾಯ್ದೆ ತೆಗೆಯಲು ಶಾಸಕರು ಬೇಕು. 51 ಸೀಟಿನ ಸೆನೆಟ್‌ನಲ್ಲಿ ಅವರ ಪಕ್ಷಕ್ಕೆ ದಕ್ಕಿದ್ದು 26. 150 ಸೀಟಿನ ಅಸೆಂಬ್ಲಿ ರಿಪಬ್ಲಿಕನ್ನರ ಕೈಯಲ್ಲೇ ಉಳಿಯಿತು. 1894ರ ರಾಜ್ಯ ಸಂವಿಧಾನ ಹೆಚ್ಚುಕಮ್ಮಿ ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯಂಥದ್ದು) ಒಂದು ಸೀಟು ಖಾತ್ರಿ ಮಾಡಿತ್ತಾದ್ದರಿಂದ, ಊರು ತುಂಬ ಜನರಿದ್ದ ನ್ಯೂಯಾರ್ಕ್ ನಗರದ ಓಟಿಗಿಂತ ಹಳ್ಳಿಗಾಡಿನ ಓಟಿಗೆ ತೂಕ ಜಾಸ್ತಿ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಾಗಿದ್ದೂ 1923ರಲ್ಲಿ ರದ್ದತಿ ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು. ರಿಪಬ್ಲಿಕನ್ ಶಾಸಕರಲ್ಲೇ ಕೆಲವರು ಪಕ್ಷಭೇದ ಬಿಟ್ಟು ಅದರ ಪರ ಕೈ ಎತ್ತದಿದ್ದರೆ ಅದು ಆಗುತ್ತಿರಲಿಲ್ಲ.

ಜೂನ್ 1ರಂದು ಸ್ಮಿತ್ ಸಹಿ ಹಾಕಿದರು. ಜೊತೆಗೆ ಬರೆದ ಟಿಪ್ಪಣಿಯಲ್ಲಿ ವಕೀಲರು ಗಮನಿಸಬೇಕಾದ ಒಂದು ವಾದವಿದೆ. ಹಿಂದಿನ ಡಿಸೆಂಬರ್‌ನಲ್ಲಷ್ಟೇ ಲಾಂಜಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಒಂದೇ ಕೃತ್ಯಕ್ಕೆ ರಾಜ್ಯವೂ ಕೇಂದ್ರವೂ ಬೇರೆಬೇರೆಯಾಗಿ ಶಿಕ್ಷಿಸಬಹುದು ಎಂದಿತ್ತು. ಎರಡೂ ಪ್ರತ್ಯೇಕ ಸಾರ್ವಭೌಮ ಶಕ್ತಿಗಳು ಎಂಬುದು ಅದರ ತರ್ಕ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಕೂಡದೆನ್ನುವ ನಮ್ಮ ಸಂವಿಧಾನದ 20(2)ನೇ ವಿಧಿಯನ್ನು ಓದಿ ಬೆಳೆದವರಿಗೆ ಇದು ಕಸಿವಿಸಿ ತರುವ ಮಾತು. ಸ್ಮಿತ್ ಅವರಿಗೂ ಈ ಇಮ್ಮಡಿ ಶಿಕ್ಷೆ ಸರಿಕಾಣಲಿಲ್ಲ.

ಮದ್ಯವೇನೂ ಅಂದಿನಿಂದ ಕಾನೂನುಬದ್ಧವಾಗಲಿಲ್ಲ. ವೋಲ್‌ಸ್ಟೆಡ್ ಕಾಯ್ದೆ ಇದ್ದಲ್ಲೇ ಇತ್ತು, ಅದನ್ನು ಜಾರಿ ಮಾಡುವ ಹೊಣೆ ರಾಜ್ಯದ ಪೊಲೀಸರಿಗೂ ಇದೆಯೆಂದು ಸ್ಮಿತ್ ಒತ್ತಿ ಹೇಳಿದರು. ಆದರೆ ಬಾಟಲಿ ಸಿಕ್ಕಿದರೆ ಇನ್ನು ಕೇಸು ಒಂದೇ, ಅದೂ ಕೇಂದ್ರದ, ಅಂದರೆ ಫೆಡರಲ್ ಕೋರ್ಟಿನಲ್ಲಿ.