ಉತ್ತರ ಬಾರದ ದಣಿವು

ಕೊನೆ ಕೊಯ್ಲಿನ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ನನ್ನ ಆಪ್ತಸಮಾಲೋಚನಾ ಕೊಠಡಿಗೆ ಬಂದರು. ವಯಸ್ಸು ಮೂವತ್ತೆರಡು. ನಿದ್ದೆ ಬರುತ್ತಿಲ್ಲ ಎಂದರು. ಮಾತನಾಡುವಾಗ ಅವರ ಹೆಬ್ಬೆರಳು ಪರದೆ ಆರಿದ್ದ ಮೊಬೈಲಿನ ಮೇಲೆ ಎಡಕ್ಕೂ ಬಲಕ್ಕೂ ಸರಿಯುತ್ತಲೇ ಇತ್ತು. ಏನು ನೋಡುತ್ತಿದ್ದೀರಿ ಎಂದು ನಾನು ಕೇಳಿದಾಗಲೇ ಅದು ಅವರ ಗಮನಕ್ಕೆ ಬಂದದ್ದು. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.)

ದಿನವಿಡೀ ತೋಟ, ರಾತ್ರಿ ಅಡಿಕೆ ಸುಲಿಯುವ ಕೆಲಸ. ಎಲ್ಲ ಮುಗಿದು ಹನ್ನೊಂದು ಗಂಟೆಗೆ ಮನೆಯ ಹಿಂದಿನ ದರೆ (ಮಣ್ಣಿನ ದಿಬ್ಬ) ಹತ್ತುತ್ತಿದ್ದರು. ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಎರಡು ಡೇಟಿಂಗ್ ಆ್ಯಪ್, ಒಂದು ವಧೂವರರ ತಾಣ. ಪದವಿ, ತೋಟದ ಎಕರೆ, ತಂದೆ ತಾಯಿ, ಯಕ್ಷಗಾನದ ಆಸಕ್ತಿ ಎಂದು ನಾಲ್ಕು ಸಾಲಿನ ಪರಿಚಯ ಬರೆದಿಟ್ಟುಕೊಂಡು, ಹೊಸ ಮ್ಯಾಚ್, ಅಂದರೆ ತಾನು ಮೆಚ್ಚಿದವರು ತನ್ನನ್ನೂ ಮೆಚ್ಚಿದ್ದು, ಸಿಕ್ಕಾಗಲೆಲ್ಲ ಅದನ್ನೇ ಅಂಟಿಸುತ್ತಿದ್ದರು. “ಈಗೀಗ ಅದನ್ನು ಓದಿದರೆ ಯಾರದೋ ವಿಷಯ ಓದಿದಂತೆ ಆಗುತ್ತದೆ ಮೇಡಂ” ಎಂದರು.

ಆ ಮಾತು ಕೇಳಿ ನನಗೆ ಸಂಕಟವಾಯಿತು. ಸುಸ್ತು ಯಾವ ಹಂತಕ್ಕೆ ಬಂದಿದೆ ಎಂಬುದನ್ನೂ ಅದೇ ಮಾತು ಹೇಳಿತು. ದುಡಿದು ದುಡಿದು ಒಳಗಿನಿಂದ ಬರಿದಾಗುವ ಸ್ಥಿತಿಗೆ ‘ಬರ್ನೌಟ್’ ಎಂಬ ಹೆಸರಿಟ್ಟು 1974ರಲ್ಲಿ ಬರೆದವರು ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಮುಂದೆ ಇನ್ನೊಬ್ಬ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ ಅದರ ಮೂರು ಮುಖಗಳನ್ನು ಗುರುತಿಸಿದರು: ತೀರದ ದಣಿವು, ಎದುರಿಗಿರುವವರನ್ನು ಮನುಷ್ಯರೆಂದು ಕಾಣಲಾಗದಷ್ಟು ಮನಸ್ಸು ಮರಗಟ್ಟುವುದು, ‘ನನ್ನ ಕೈಲಿ ಏನೂ ಆಗುವುದಿಲ್ಲ’ ಎಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆ ಈ ಪದವನ್ನು ಉದ್ಯೋಗಕ್ಕೆ ಮಾತ್ರ ಬಳಸುತ್ತದೆ, ಅದನ್ನು ಕಾಯಿಲೆ ಎಂದೂ ಕರೆಯುವುದಿಲ್ಲ. ಆದರೂ ಸಂಗಾತಿಯ ಹುಡುಕಾಟ ದಿನದ ಇನ್ನೊಂದು ಪಾಳಿಯಾಗಿಬಿಟ್ಟವರಲ್ಲಿ ಈ ಮೂರೂ ಕಾಣುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ಇಷ್ಟು ದಣಿದ ಮೇಲೂ ಬಿಡಲಾಗುವುದಿಲ್ಲವೇಕೆ? ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದಕ್ಕೆ ಉತ್ತರವಿದೆ. ಪೆಟ್ಟಿಗೆಯ ಗುಂಡಿಯನ್ನು ಎಷ್ಟನೆಯ ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದಕ್ಕೆ ಲೆಕ್ಕವೇ ಇಲ್ಲದಾಗ ಹಕ್ಕಿ ಕುಕ್ಕುವುದನ್ನು ಸುಲಭಕ್ಕೆ ನಿಲ್ಲಿಸುವುದಿಲ್ಲ. ಮ್ಯಾಚ್ ಬೀಳುವುದೂ ಹಾಗೆಯೇ, ಇವತ್ತೋ ನಾಳೆಯೋ ಗೊತ್ತಿಲ್ಲ. ಆದ್ದರಿಂದ ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಿಡಲಾಗದಿರುವುದು ಅವರ ದೌರ್ಬಲ್ಯವಲ್ಲ.

ನಮ್ಮ ಮಲೆನಾಡಿನಲ್ಲಿ ಇದಕ್ಕೆ ಇನ್ನೆರಡು ಭಾರ ಸೇರುತ್ತವೆ. ತೋಟ ನೋಡಿಕೊಂಡು ಊರಲ್ಲೇ ಇರುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ಮದುವೆ ಮನೆಯ ಪಂಕ್ತಿಯಲ್ಲೂ ಕಿವಿಗೆ ಬೀಳುತ್ತದೆ. ಆ್ಯಪಿನಲ್ಲಿ ಒಂದು ಉತ್ತರ ಬಾರದಿದ್ದರೆ ಆ ಮಾತೇ ಸಾಬೀತಾದಂತೆ ಅನಿಸುತ್ತದೆ. ಹೆಣ್ಣುಮಕ್ಕಳ ಕಷ್ಟ ಬೇರೆ. ನಗರದ ಬ್ಯಾಂಕ್ ಉದ್ಯೋಗಿಯೊಬ್ಬರು ಇಪ್ಪತ್ತು ಕಿಲೋಮೀಟರ್ ಅಳತೆ ಇಟ್ಟು ಹುಡುಕಿದರೆ ಮೊದಲ ವಾರವೇ ಕಂಡದ್ದು ಸಹೋದ್ಯೋಗಿಯ ಮುಖ, ಅಣ್ಣನ ಸ್ನೇಹಿತನ ಮುಖ. ನನ್ನನ್ನೂ ಅವರು ನೋಡಿರುತ್ತಾರೆ, ಮನೆಗೆ ಸುದ್ದಿ ಹೋಗುತ್ತದೆ ಎಂಬ ಭಯದಲ್ಲಿ ಆಕೆ ತಿಂಗಳುಗಟ್ಟಲೆ ಕಳೆದರು. ಹುಡುಕುವ ದಣಿವಿನ ಮೇಲೆ ಬಚ್ಚಿಟ್ಟುಕೊಳ್ಳುವ ದಣಿವು.

ಹಿಂದೆ ಸಂಬಂಧ ಬೇಡವೆನಿಸಿದರೆ ‘ಜಾತಕ ಕೂಡಿಬರಲಿಲ್ಲ’ ಎಂದು ಮಧ್ಯಸ್ಥರ ಮೂಲಕ ಹೇಳಿಕಳಿಸುತ್ತಿದ್ದರು. ಬಹಳ ಸಲ ಅದು ನೆಪವೇ ಎಂದು ಎಲ್ಲರಿಗೂ ಗೊತ್ತಿತ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯರು ಪಟ್ಟ ಅವಮಾನ ಸಣ್ಣದಲ್ಲ, ಅದು ಮರಳಿ ಬರಲಿ ಎಂದು ನಾನು ಖಂಡಿತ ಬಯಸುವುದಿಲ್ಲ. ಆದರೆ ಆ ನೆಪ ಎರಡೂ ಮನೆಯ ಮಾನ ಕಾಯುತ್ತಿತ್ತು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆ್ಯಪಿನಲ್ಲಿ ಯಾವುದೂ ಮುಗಿಯುವುದಿಲ್ಲ. ಮಾತು ನಿಂತುಹೋಗುತ್ತದೆ, ಅಷ್ಟೆ. ಕಾರಣ ಗೊತ್ತಾಗದ ಮೌನಕ್ಕೆ ಮನಸ್ಸು ತಾನೇ ಕಾರಣ ಹುಡುಕುತ್ತದೆ. ಬಣ್ಣ, ಸಂಬಳ, ಹಳ್ಳಿ, ಇಂಗ್ಲಿಷು, ಹೀಗೆ ಸಿಗುವುದೆಲ್ಲ ತನ್ನದೇ ಕೊರತೆ.

ಆ ಅಡಿಕೆ ಬೆಳೆಗಾರರಿಗೆ ನಾನು ಮೊದಲು ಕೊಟ್ಟದ್ದು ಒಂದು ವಾರದ ಲೆಕ್ಕ ಬರೆಯುವ ಕೆಲಸ. ಆ್ಯಪ್ ತೆರೆದ ಹೊತ್ತು ಯಾವುದು, ತೆರೆಯುವ ಮುನ್ನ ಮನಸ್ಸು ಹೇಗಿತ್ತು, ಮುಚ್ಚಿದ ಮೇಲೆ ಹೇಗಿತ್ತು. ಅವರು ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದು ತಂದರು. ಯಾರನ್ನಾದರೂ ಭೇಟಿಯಾಗಬೇಕು ಎಂಬ ಆಸೆಯಿಂದ ತೆರೆದದ್ದು ಎರಡೇ ಸಲ. ಉಳಿದಂತೆಲ್ಲ ಅಪ್ಪನೊಂದಿಗೆ ಮಾತು ಬೆಳೆದ ರಾತ್ರಿ, ಗೆಳೆಯನ ಮಗುವಿನ ಫೋಟೊ ಬಂದ ರಾತ್ರಿ.

ಆಮೇಲೆ ಕೆಲವು ಕಟ್ಟುಪಾಡು ಮಾಡಿಕೊಂಡೆವು. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಅದೂ ಹಗಲು ಹೊತ್ತು. ನೋಟಿಫಿಕೇಶನ್ ಬಂದ್. ಒಮ್ಮೆಗೆ ಮೂರಕ್ಕಿಂತ ಹೆಚ್ಚು ಜನರೊಂದಿಗೆ ಮಾತಿಲ್ಲ. ಹತ್ತು ಹದಿನೈದು ದಿನದಲ್ಲಿ ಒಂದು ಫೋನ್ ಕರೆ. ಅಲ್ಲಿಯೂ ಮಾತು ಹೊಂದಿದರೆ ಜನರಿರುವ ಜಾಗದಲ್ಲಿ ಭೇಟಿ. ಹಣ ಕೇಳಿದವರ ಜೊತೆ ಮಾತು ಅಲ್ಲಿಗೇ ಕೊನೆ, ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ತೀರಾ ಸೋತವರಿಗೆ ಒಂದು ತಿಂಗಳು ಪೂರ್ತಿ ಬಿಡುವು ಬೇಕಾಗುತ್ತದೆ. ಸಿಟ್ಟಿನಲ್ಲಿ ಅಳಿಸಿದ ಆ್ಯಪ್ ಮೂರನೆಯ ದಿನ ಮರಳಿ ಬರುತ್ತದೆ, ದಿನಾಂಕ ಗೊತ್ತುಮಾಡಿಕೊಂಡು ನಿಲ್ಲಿಸಿದರೆ ನಿಲ್ಲುತ್ತದೆ.

ಎರಡು ವಾರ ಕಳೆದರೂ ಮಂಕು ಕವಿದೇ ಇದ್ದು, ಊಟ ನಿದ್ದೆ ಕೆಟ್ಟು, ಇಷ್ಟದ ಕೆಲಸವೂ ಬೇಡವೆನಿಸಿದರೆ ಅದು ಖಿನ್ನತೆಯಿರಬಹುದು. ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ನಾಲ್ಕನೆಯ ಭೇಟಿಯಲ್ಲಿ ಅವರು ಹಳೆಯ ಮಾತುಕತೆಯೊಂದನ್ನು ತೆರೆದು ತೋರಿಸಿದರು. ಪುಷ್ಯ ಮಳೆಯ ಹೊತ್ತು. ಮರ ಬಿದ್ದು ಮೂರು ದಿನ ಕರೆಂಟಿರಲಿಲ್ಲ, ಮೊಬೈಲ್ ಸತ್ತಿತ್ತು. ಆ ಮೂರು ದಿನಗಳಲ್ಲಿ ಆ ಕಡೆಯ ಹುಡುಗಿ ಮೂರು ಸಂದೇಶ ಕಳಿಸಿದ್ದಳು. ಕೊನೆಯದು: “ಇಷ್ಟವಿಲ್ಲದಿದ್ದರೆ ಹೇಳಿಬಿಡಬಹುದಿತ್ತು.” ಕರೆಂಟ್ ಬಂದ ಮೇಲೆ, ಇನ್ನೇನು ಹೇಳುವುದು ಎಂಬ ಸಂಕೋಚದಲ್ಲಿ ಇವರು ಉತ್ತರಿಸಲೇ ಇಲ್ಲ. “ಅವಳು ತನ್ನಲ್ಲಿ ಏನು ಕೊರತೆ ಹುಡುಕಿಕೊಂಡಳೋ ಮೇಡಂ” ಎಂದು ಬಹಳ ಹೊತ್ತು ತಲೆತಗ್ಗಿಸಿ ಕೂತರು. ಅಂದಿನಿಂದ, ಬೇಡವೆನಿಸಿದ ಮಾತನ್ನು ‘ನಮಗೆ ಹೊಂದಿಕೆಯಾಗದು ಅನಿಸುತ್ತಿದೆ, ನಿಮಗೆ ಒಳ್ಳೆಯದಾಗಲಿ’ ಎಂದು ಬರೆದೇ ಮುಗಿಸುತ್ತಿದ್ದಾರೆ. ಆ ಹುಡುಗಿಗೂ, ತಡವಾಗಿಯಾದರೂ, ಕಾರಣ ತಿಳಿಸಿ ಕ್ಷಮೆ ಕೇಳಿದರು.

ಯುಗಾದಿ ಕಳೆದ ಮೇಲೆ ಮತ್ತೊಮ್ಮೆ ಬಂದಿದ್ದರು. ಯಾರೂ ಸಿಕ್ಕಿಲ್ಲ. ನಿದ್ದೆ ಬರುತ್ತಿದೆ. ಪರಿಚಯದ ಸಾಲುಗಳನ್ನು ಹೊಸದಾಗಿ ಬರೆದಿದ್ದೇನೆ ಎಂದು ಮೊಬೈಲ್ ನನ್ನ ಕೈಗೆ ಕೊಟ್ಟರು. ಮೊದಲ ಸಾಲು ಹೀಗಿತ್ತು: “ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಉತ್ತರ ತಡವಾದರೆ ಬೇಸರಿಸಬೇಡಿ, ದರೆ ಹತ್ತಿದ ಕೂಡಲೇ ಬರೆಯುತ್ತೇನೆ.”